ಕಾರು ಮಾರಿ ಉಳಿಸಿಕೊಂಡ ಹಿಡಿಕೆ

ದೆವ್ವ ಪಿಶಾಚಿಗಳನ್ನು ನಾನು ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಕೇಳಿ, ಅಲಮೇಲಮ್ಮನಿಗೆ ವಯಸ್ಸಾಯಿತು, ಏನೇನೋ ಬಡಬಡಿಸುತ್ತಾಳೆ ಅನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ತುಮಕೂರಿನ ಹುಡುಗಿಯರಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹಿತ್ತಾಳೆಯನ್ನು ಉಜ್ಜದೆ ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ನಮ್ಮ ಹಿತ್ತಲ ಕಡೆಯ ಶೆಡ್ಡಿನಲ್ಲಿ ರಾಮಾಂಜಿನಯ್ಯ ಗ್ಯಾರೇಜು ಇಟ್ಟುಕೊಂಡಿದ್ದ. ಬೆಳ್ಳಾವಿ ಕಡೆಯ ಒಕ್ಕಲು ಮನೆತನ. ಶೆಡ್ಡಿಗೆ ಅಂಟಿಕೊಂಡ ಎರಡು ಅಂಕಣದ ಮನೆಯಲ್ಲಿ ಅವನು, ಅವನ ತಾಯಿ ಪುಟ್ಟಗಂಗಮ್ಮ, ಹೆಂಡತಿ ಲಕ್ಷ್ಮೀದೇವಮ್ಮ. ಹತ್ತು ಮಾತಾಡಿಸಿದರೆ ಒಂದು ಆಡುವ ಗಂಡಸು. ಹೆಂಡತಿ ಅದಕ್ಕೆ ತದ್ವಿರುದ್ಧ. ಗುಬ್ಬಿಯವಳು, ಚಿಕ್ಕಂದಿನಲ್ಲೇ ಎಡಗಾಲು ಸೊರಗಿಹೋಗಿತ್ತು, ನಾಲಿಗೆ ಮಾತ್ರ ಊರೆಲ್ಲ ಓಡಾಡುತ್ತಿತ್ತು. ಕಾಂಪೌಂಡಿನ ಆಚೆಯಿಂದ ಅವಳ ನಗು ಕೇಳಿಸದಿದ್ದರೆ ನನಗೆ ಬೆಳಗಿನ ಕಾಫಿ ಇಳಿಯುತ್ತಿರಲಿಲ್ಲ.

ಆ ಕಾರು ಬಂದದ್ದು ಎಪ್ಪತ್ತೊಂದರಲ್ಲಿ, ಕುಣಿಗಲ್ಲಿನಿಂದ. ಯಾರೋ ಕುದುರೆ ಸಾಕುವ ಆಫೀಸರು ಬಿಟ್ಟುಹೋದದ್ದಂತೆ. ಎರಡೇ ಸೀಟಿನ ಇಂಗ್ಲೆಂಡಿನ ಕಾರು, ಮೇಲೆ ಸೂರಿಲ್ಲ, ಉದ್ದ ಮೂತಿ. ಹುಣಸೆಮರದ ಕೆಳಗೆ ಕೊಳೆಯುತ್ತ ಬಿದ್ದಿತ್ತು, ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ರಾಮಾಂಜಿನಯ್ಯ ಎರಡು ವರ್ಷ ಅದರ ಜೊತೆ ಗುದ್ದಾಡಿದ. ಅಂಬಾಸಿಡರಿನ ಇಂಜಿನ್ನು, ಜೀಪಿನ ಸ್ಪ್ರಿಂಗು ಪಟ್ಟಿ, ಫಿಯೆಟ್ಟಿನ ದೀಪ. ನಾನು ನಕ್ಕೆ. ಅವನೂ ನಕ್ಕ. ಆದರೆ ಕೆಂಪು ಬಣ್ಣ ಬಳಿದು ಸ್ಟಾರ್ಟು ಮಾಡಿದ ದಿನ ಬೀದಿಗೆ ಬೀದಿಯೇ ಬಂದು ನಿಂತಿತು.

ಲಕ್ಷ್ಮೀದೇವಮ್ಮನಿಗೆ ಹತ್ತಲಾಗಲಿಲ್ಲ. ಆ ಕಾರಿನ ಬಾಗಿಲು ಕಿರಿದು, ಒಳಗೆ ಕಾಲು ಮಡಚಿ ಜಾರಿಕೊಳ್ಳಬೇಕು. ಅವಳು ಬಾಯಿ ಮುಚ್ಚಿಕೊಂಡು ಮನೆಯೊಳಗೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾರನೆಯ ದಿನ ಅವನು ಗರಗಸ ತೆಗೆದುಕೊಂಡು ಎಡಬಾಗಿಲನ್ನು ಅಗಲ ಕೊಯ್ದ. ಕಾಲಿಡುವ ಹಲಗೆಯನ್ನು ತಗ್ಗಿಗೆ ಇಳಿಸಿದ. ಗುಜರಿಯಿಂದ ಹಳೇ ಬಸ್ಸಿನ ಬಾಗಿಲ ಹಿತ್ತಾಳೆ ಹಿಡಿಕೆಯೊಂದನ್ನು ತಂದು ಅವಳ ಕೈ ಎತ್ತರ ಅಳೆದು ಕೂರಿಸಿದ. ಅವಳು ಅದನ್ನು ಹಿಡಿದು ಒಂದು ಸಲ ಜಗ್ಗಿದರೆ ಸಾಕು, ಸೀಟಿನಲ್ಲಿರುತ್ತಿದ್ದಳು. ಆಮೇಲೆ ಕೇಳಬೇಕೆ, ಭಾನುವಾರ ಬಂತೆಂದರೆ ಸೆರಗು ಬಿಗಿದುಕೊಂಡು ಗುಬ್ಬಿಗೆ ಸವಾರಿ, ದಾರಿಯುದ್ದಕ್ಕೂ ಕಂಡವರಿಗೆಲ್ಲ ಕೈ ಬೀಸುವುದು.

ಎಪ್ಪತ್ತಾರರಲ್ಲಿ ಹೆರಿಗೆಗೆ ತವರಿಗೆ ಹೋದಳು. ನೋವು ಶುರುವಾಗಿ ಕೂಸು ಅಡ್ಡ ಬಂದಿದೆ ಅಂತ ಗೊತ್ತಾದಾಗ ರಾಮಾಂಜಿನಯ್ಯ ಗುಬ್ಬಿಗೆ ಹೋಗಿ ಅದೇ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಹೊರಡಿಸಿದ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಹೋಗುವುದನ್ನೇ ನೋಡುತ್ತ ಕುಳಿತಿದ್ದಾಗ ಪಕ್ಕದಲ್ಲಿ ಅವಳ ನರಳಾಟ ನಿಂತಿತು. ತಾಯಿ ಕೂಸು ಎರಡೂ ಹೋದವು. ಇಳಿಸುವಾಗ ಹಿಡಿಕೆಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಇದನ್ನು ಅವನು ನನಗೆ ಒಂದೇ ಒಂದು ಸಲ ಹೇಳಿದ್ದಾನೆ, ನಾನು ಮತ್ತೆ ಕೇಳಲಿಲ್ಲ.

ಕಾರು ಶೆಡ್ಡಿನ ಮೂಲೆ ಸೇರಿತು. ಪುಟ್ಟಗಂಗಮ್ಮ ಹಟ ಹಿಡಿದು ಎರಡು ವರ್ಷದ ಮೇಲೆ ಮಗನಿಗೆ ಇನ್ನೊಂದು ಮದುವೆ ಮಾಡಿದರು. ಹುಡುಗಿ ಹುತ್ರಿದುರ್ಗದ ಕಡೆಯವಳು, ಮರಿಯಮ್ಮ. ಗಟ್ಟಿ ಹೆಣ್ಣು, ಬಂದ ವರ್ಷದಿಂದಲೇ ಪಿತೃಪಕ್ಷದಲ್ಲಿ ಸವತಿಯ ಹೆಸರಿಗೆ ಹೊಸ ಸೀರೆ ಇಟ್ಟು ಎಡೆ ಹಾಕಿ, ಕೈ ಮುಗಿದ ಮೇಲೇ ತಾನು ಊಟಕ್ಕೆ ಕೂರುತ್ತಿದ್ದಳು. ಆದರೆ ಬಸುರಿಯಾದ ಮೇಲೆ ದೀಪ ಹಚ್ಚುವ ಹೊತ್ತಿಗೆ ಶೆಡ್ಡಿನ ಕಡೆ ಹೋಗುವುದನ್ನು ಬಿಟ್ಟಳು. ಆ ಹೊತ್ತಿಗೆ ಸರಿಯಾಗಿ ಕಾರಿನ ಎಡಗಡೆ ಪಟ್ಟಿ ಕಿರ್ ಅನ್ನುತ್ತಿತ್ತು, ಯಾರೋ ಹಲಗೆಯ ಮೇಲೆ ಕಾಲಿಟ್ಟಂತೆ. ನಾನೂ ಕೇಳಿದ್ದೇನೆ. ಜೀಪಿನ ಹಳೇ ಪಟ್ಟಿ, ಬಿಸಿಲಿಗೆ ಹಿಗ್ಗಿದ್ದು ಸಂಜೆ ಕುಗ್ಗುತ್ತದೆ ಅಂತ ಅವಳಿಗೆ ಬಿಡಿಸಿ ಹೇಳಿದೆ.

"ಹಂಗಾದ್ರೆ ಎಡಗಡೆ ಮಾತ್ರ ಯಾಕಮ್ಮಾ ಕುಗ್ತದೆ?" ಅಂದಳು.

ನನಗೆ ರೇಗಿತು. ಉತ್ತರ ಹೊಳೆಯದಿದ್ದರೆ ನನಗೆ ರೇಗುತ್ತದೆ. ಆದರೂ ಒಂದು ಮಾತು ನಿಜ. ಆ ಕಾರು ನಿಂತಲ್ಲೇ ಎಡಕ್ಕೆ ಚೂರು ವಾಲಿಕೊಂಡಿರುತ್ತಿತ್ತು.

ಸೀಮಂತ ಮುಗಿಸಿ ತವರಿಗೆ ಹೊರಡುವಾಗ ಮರಿಯಮ್ಮ ಗಂಡನಿಗೆ ನನ್ನೆದುರೇ ಹೇಳಿದಳು. "ಅಕ್ಕನ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಆ ಕಾರಿರೋ ಮನೇಲಿ ನಾನು ಬಾಣಂತನ ಮಾಡ್ಕಳಾಕಿಲ್ಲ. ಅದು ಹೋಗೋವರ್ಗೂ ನಾನೂ ಬರಾಕಿಲ್ಲ, ನನ್ ಕೂಸೂ ಬರಾಕಿಲ್ಲ."

ಅವನು ಅವಳನ್ನು ಬಸ್ಸು ಹತ್ತಿಸಿ ಬಂದು ಕಾರಿನ ಹಲಗೆಯ ಮೇಲೆ ಕುಳಿತ. ಸತ್ತವಳನ್ನು ಇಟ್ಟುಕೊಂಡರೆ ಬದುಕಿರುವವಳು ಹೋಗುತ್ತಾಳೆ, ಹುಟ್ಟುವ ಕೂಸೂ ಹೋಗುತ್ತದೆ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ವಾರವೇ ಬ್ರೋಕರಿಗೆ ಹೇಳಿ ಕಳಿಸಿದ.

ಕೊಳ್ಳಲು ಬಂದವರು ಅನಂತರಾಮಯ್ಯ ಅಂತ, ನಮ್ಮ ಜನವೇ, ಬೆಂಗಳೂರಿನಲ್ಲಿ ಇಂಜಿನಿಯರು. ಹಳೇ ಕಾರುಗಳ ಹುಚ್ಚು. ಕಾರನ್ನು ಕಂಡು ಮೊದಲು ಕಣ್ಣರಳಿಸಿದರು, ಆಮೇಲೆ ಒಂದೊಂದಾಗಿ ನೋಡುತ್ತ ಹಣೆ ಚಚ್ಚಿಕೊಂಡರು.

"ಇಂಜಿನ್ನು ಹೋಗಲಿ ಅಂದ್ಕೊಳ್ಳೋಣ. ಈ ಬಾಗಿಲು ಯಾಕ್ರೀ ಹೀಗೆ ಕೊಯ್ದು ಹಾಳು ಮಾಡಿದೀರಿ?"

"ಲೋಡ್ ಹಾಕೋಕೆ ಸಾರ್," ಅಂದ ರಾಮಾಂಜಿನಯ್ಯ.

"ಇಂಥ ಕಾರಲ್ಲಿ ಲೋಡಾ? ಈ ಹಲಗೆ?"

"ಲೋಡಿಗೇ ಸಾರ್."

ನಾನು ಕಾಂಪೌಂಡಿನ ಈಚೆ ಬಟ್ಟೆ ಹರಡುತ್ತಿದ್ದವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಕೇಳಿಸಿಕೊಳ್ಳಲು ಆಗಲಿಲ್ಲ.

ವ್ಯಾಪಾರ ಕುದುರಿತು. ಹೊರಡಿಸುವ ಹೊತ್ತಿಗೆ ಪುಟ್ಟಗಂಗಮ್ಮ ಕೋಲೂರಿಕೊಂಡು ಬಂದು ಕಾರಿಗೆ ಅಡ್ಡ ನಿಂತರು. ಒಕ್ಕಲು ಮನೆಗಳಲ್ಲಿ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿ ಹೊಡೆದುಕೊಂಡು ಹೋಗಬೇಕು, ಹಳೇ ಹಗ್ಗ ಮನೆಯಲ್ಲೇ ಉಳಿಯಬೇಕು. ಇಲ್ಲದಿದ್ದರೆ ಮನೆಯ ಲಕ್ಷ್ಮಿ ಎತ್ತಿನ ಹಿಂದೆಯೇ ಹೋಗುತ್ತಾಳೆ ಅಂತ ಅವರ ನಂಬಿಕೆ.

"ಹಗ್ಗ ಬುಟ್ಟು ಕೊಡ್ಬೇಡ ಕಣ್ಲಾ ರಾಮಾಂಜಿ," ಅಂದರು ಮುದುಕಿ.

"ಕಾರಿಗೆಲ್ಲಿ ಹಗ್ಗ ಅವ್ವಾ?"

"ಏನೋ ಒಂದು ಬಿಚ್ಕೋ."

ಅವನು ಸುತ್ತ ನೋಡಲೇ ಇಲ್ಲ. ಸ್ಪ್ಯಾನರು ತೆಗೆದುಕೊಂಡು ನೇರವಾಗಿ ಹಿತ್ತಾಳೆ ಹಿಡಿಕೆಯ ಬೋಲ್ಟಿಗೆ ಹಾಕಿದ. ಅದು ಕಾರಿನ ಜೊತೆ ಬಂದದ್ದಲ್ಲವಾದ್ದರಿಂದ ಅನಂತರಾಮಯ್ಯನವರಿಗೂ ಸಂತೋಷವೇ ಆಯಿತು. ಬೆಂಗಳೂರಿನ ಡ್ರೈವರು ಕಾರನ್ನು ಬಿ.ಎಚ್. ರಸ್ತೆಗೆ ತಿರುಗಿಸಿದಾಗ ನಾನು ಗೇಟಿನಲ್ಲಿ ನಿಂತಿದ್ದೆ. ಕಾರು ಎಡಕ್ಕೆ ವಾಲಿರಲಿಲ್ಲ, ನೆಟ್ಟಗೆ ಹೋಯಿತು. ಡ್ರೈವರು ಬಲಗಡೆ ಕೂತಿದ್ದಾನಲ್ಲ, ಭಾರ ಸರಿಹೋಗಿರಬೇಕು ಅಂದುಕೊಂಡೆ.

ಮರಿಯಮ್ಮ ಹೆಣ್ಣು ಕೂಸನ್ನು ಎತ್ತಿಕೊಂಡು ಬಂದಳು. ಹಿಡಿಕೆ ನಡುಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹಗ್ಗದ ವಿಷಯ ಅವಳಿಗೂ ಗೊತ್ತಿದ್ದದ್ದೇ, ಅದಕ್ಕೇ ಏನೂ ಅನ್ನಲಿಲ್ಲ. ಆದರೆ ವರ್ಷಗಳು ಹೋದ ಹಾಗೆ ನನ್ನ ಹತ್ತಿರ ಗೊಣಗತೊಡಗಿದಳು. "ನಮ್ಮನೇರು ನಾನ್ ಏಳೋಕೆ ಮುಂಚೆ ಎದ್ದು ಅದನ್ನ ಉಜ್ತಾರೆ ಕಣಮ್ಮಾ. ಹೊಳೀತಾ ಇರ್ತದೆ, ಚಿನ್ನ ಇದ್ದಂಗೆ. ನನ್ ಕಡೆ ಒಂದ್ ದಿನಾನಾರ ಹಂಗೆ ನೋಡವ್ರಾ?" ಗಂಡನ ಮನಸ್ಸಿನಲ್ಲಿ ಇನ್ನೂ ಅವಳೇ ಇದ್ದಾಳೆ ಅನ್ನುವ ಸಂಕಟ. ನಾನು ಹಲಸಿನಹಣ್ಣು ಕೊಯ್ದು ಕೊಟ್ಟು ಕಳಿಸಿದೆ.

ಪುಟ್ಟಗಂಗಮ್ಮ ತೀರಿಕೊಂಡರು. ಮರುವರ್ಷ, ಎಂಬತ್ತಾರರಲ್ಲಿ, ನಮ್ಮ ಬಾವಿಯ ಪಂಪು ಕೆಟ್ಟು ರಾಮಾಂಜಿನಯ್ಯ ರಿಪೇರಿಗೆ ಬಂದಿದ್ದ. ಅವನಾಗಿ ಮಾತು ತೆಗೆದದ್ದು ಅಪರೂಪ. "ಮರಿಯಮ್ಮ ದೊಡ್ಡ ಮನಸ್ಸಿನೋಳು ಕಣಮ್ಮಾವ್ರೇ," ಅಂದ. "ಸವತೀದು ಅಂತ ಬ್ಯಾಸರ ಇಲ್ಲ, ಆ ಹಿಡಿಕೇನ ದಿನಾ ಹುಣಸೆಹಣ್ಣು ಹಾಕಿ ಬೆಳಗ್ತಾಳೆ. ನಾನು ಮುಟ್ಟೋಕೇ ಹೋಗಿಲ್ಲ."

ನನ್ನ ಬಾಯಿಗೆ ಬೀಗವಿಲ್ಲ, ಅದು ಎಲ್ಲರಿಗೂ ಗೊತ್ತು. ಮರಿಯಮ್ಮ ಅಲ್ಲೇ ಕಲ್ಲಿನ ಮೇಲೆ ನಮ್ಮ ಕರಿಬೇವು ಬಿಡಿಸುತ್ತ ಕುಳಿತಿದ್ದಳು. "ಒಳ್ಳೇ ಚೆನ್ನಾಗಿದೆ ನಿಮ್ಮ ಸಂಸಾರ," ಅಂದೆ. "ನೀನು ಉಜ್ತೀಯ ಅಂತ ಅವಳು, ಅವಳು ಉಜ್ತಾಳೆ ಅಂತ ನೀನು. ಹಾಗಾದರೆ ಉಜ್ಜೋರು ಯಾರು?"

ಮರಿಯಮ್ಮನ ಕೈ ನಿಂತಿತು. ಅವನನ್ನು ನೋಡಿದಳು, ಅವನು ಅವಳನ್ನು ನೋಡಿದ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಅನ್ನುವುದು ನನಗೆ ಆ ಕ್ಷಣವೇ ಗೊತ್ತಾಯಿತು. ಮಗುವಿನ ಕೈಗೆ ಮೊಳೆ ಎಟುಕುವುದಿಲ್ಲ, ಮುದುಕಿ ಇಲ್ಲ. ನಾನೇ ಹೋಗಿ ನೋಡಿದೆ. ನಡುಮನೆಯ ಹಿತ್ತಾಳೆ ದೀಪ ಕಪ್ಪಿಟ್ಟಿತ್ತು, ಚೊಂಬು ಕಪ್ಪಿಟ್ಟಿತ್ತು. ಹಿಡಿಕೆ ಹೊಳೆಯುತ್ತಿತ್ತು, ಅದೂ ಪೂರ್ತಿಯಾಗಿ ಅಲ್ಲ. ಎರಡು ತುದಿ ಮಂಕಾಗಿತ್ತು, ನಡುವೆ ಒಂದು ಕೈ ಹಿಡಿಯುವಷ್ಟು ಜಾಗ ಮಾತ್ರ ಸವೆದು ಮಿರುಗುತ್ತಿತ್ತು.

ನನ್ನ ಹಿಂದೆ ನಿಂತಿದ್ದ ಮರಿಯಮ್ಮ ಅಳುತ್ತಿದ್ದಳು. ಭಯದ ಅಳು ಅಲ್ಲ ಅದು. "ಸೀರೆ ಇಟ್ಟೆ, ಎಡೆ ಇಟ್ಟೆ, ಇನ್ನೇನ್ ಬೇಕಾಗಿತ್ತು ಅವ್ಳಿಗೆ ಅಂತಿದ್ದೆ," ಅಂದಳು. "ಬಂಡೀನ ಮಾರ್ಬುಟ್ಟು ಹಿಡಿಕೆ ಇಟ್ಕಂಡ್ವಲ್ಲಮ್ಮಾ. ದಿನಾ ಬಂದು ಹಿಡ್ಕಂತಾವ್ಳೆ. ಹಿಡ್ಕಂಡು ಎಲ್ಲಿಗೆ ಹತ್ತಬೇಕು ಅವ್ಳು?"

ಮಾರನೆಯ ದಿನ ರಾಮಾಂಜಿನಯ್ಯ ಹಿಡಿಕೆಯನ್ನು ಟವಲಿನಲ್ಲಿ ಸುತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ. ಹುಡುಕಿಕೊಂಡು ಅನಂತರಾಮಯ್ಯನವರ ಮನೆಗೆ ಹೋದ. ಅವರು ಕಾಫಿ ಕೊಟ್ಟು ಕಾರು ತೋರಿಸಿದರಂತೆ. ಇಂಗ್ಲೆಂಡಿನಿಂದ ಬಂದಾಗ ಹೇಗಿತ್ತೋ ಹಾಗೇ ಮಾಡಿಸಿದ್ದರು. ಬಾಗಿಲು ಕಿರಿದು, ಹಲಗೆ ಎತ್ತರ, ಬೋಲ್ಟಿನ ತೂತುಗಳನ್ನು ಮುಚ್ಚಿ ಮೇಲೆ ಬಣ್ಣ. ಟವಲು ಬಿಚ್ಚದೆ ವಾಪಸು ಬಂದ. ಹೇಗಿದೆಯೋ ಕಾರು ಅಂತ ಕೇಳಿದೆ.

"ಬಲು ಚೆಂದಾಗೈತೆ ಕಣಮ್ಮಾವ್ರೇ," ಅಂದ. "ಆದ್ರೆ ಅವ್ಳ ಕೈಲಿ ಹತ್ತಾಕಾಗಲ್ಲ." ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಹತ್ತು ವರ್ಷದ ಅಳು, ನಾನು ತಡೆಯಲಿಲ್ಲ.

ಮರಿಯಮ್ಮ ಅವನ ಕೈಯಿಂದ ಟವಲು ತೆಗೆದುಕೊಂಡಳು. ಅವರ ಮನೆಗೆ ಬೀದಿಯಿಂದ ಹತ್ತುವುದಕ್ಕೆ ಎತ್ತರದ ಕಲ್ಲು ಮೆಟ್ಟಿಲುಗಳಿವೆ. ಬಾಗಿಲಿನ ಎಡಗಡೆ ಚೌಕಟ್ಟನ್ನು ತೋರಿಸಿ, "ಇಲ್ಲಿ ಕೂರ್ಸಿ. ಅವ್ಳ ಕೈ ಎತ್ತರ ನಿಮಗೆ ಗೊತ್ತಲ್ಲ," ಅಂದಳು. ಅವನು ಅಳತೆಪಟ್ಟಿ ತರಲಿಲ್ಲ. ಗಾಳಿಯಲ್ಲೇ ಕೈಯಿಟ್ಟು ಒಂದು ಕಡೆ ಗುರುತು ಮಾಡಿದ, ಬೋಲ್ಟು ಬಿಗಿದ. ಅವಳು ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, "ಬಾ ಅಕ್ಕಾ, ಹತ್ಕಂಡು ಒಳಕ್ ಬಾ. ನಿನ್ ಮನೇನೇ ಇದು," ಅಂತ ಎಲ್ಲರೆದುರು ಕರೆದಳು. ನಾನು ನನ್ನ ವಿಜ್ಞಾನವನ್ನು ಕಟ್ಟಿಟ್ಟು ಸುಮ್ಮನೆ ನಿಂತಿದ್ದೆ.

ದೀಪಾವಳಿಯ ಹೊತ್ತಿಗೆ ಮರಿಯಮ್ಮ ಓಡಿಬಂದು ನನ್ನನ್ನು ಎಳೆದುಕೊಂಡು ಹೋದಳು. ಹಿಡಿಕೆ ತುದಿಯಿಂದ ತುದಿಗೆ ಕಪ್ಪಾಗಿತ್ತು. "ನೋಡಿ ಅಮ್ಮಾವ್ರೇ, ಒಳಕ್ ಬಂದವ್ಳೆ," ಅಂದಳು, ನಗುತ್ತ, ಕಣ್ಣಲ್ಲಿ ನೀರು.

ಅಂದಿನಿಂದ ಆಯುಧಪೂಜೆಗೆ ಮನೆಯ ಸ್ಪ್ಯಾನರಿನವರೆಗೂ ತೊಳೆದು ಬೆಳಗುವ ಮರಿಯಮ್ಮ ಅದೊಂದನ್ನು ಮುಟ್ಟುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದು ಅದು ಕಪ್ಪಾಗಿಯೇ ಇದೆಯಾ ಅಂತ ನೋಡಿ, ಆಮೇಲೆ ನೀರು ಹಾಕುತ್ತಾಳೆ. ನನಗೀಗ ಮಂಡಿ ನೋವು, ಆ ಮೆಟ್ಟಿಲು ಹತ್ತಲು ಪ್ರಾಣಕ್ಕೆ ಬರುತ್ತದೆ. ಹಿಡಿಕೆ ಕೈಗೆ ಸರಿಯಾಗಿ ಸಿಗುತ್ತದೆ. ಆದರೂ ನಾನು ಬಲಗಡೆಯ ಗೋಡೆ ಹಿಡಿದೇ ಹತ್ತುತ್ತೇನೆ. ನನ್ನ ಕೈ ತಾಗಿ ಹಿತ್ತಾಳೆ ಚೂರು ಹೊಳೆದುಬಿಟ್ಟರೂ, ಅಕ್ಕ ಮತ್ತೆ ಹೊರಗೆ ನಿಂತಿದ್ದಾಳೆ ಅಂದುಕೊಂಡು ಆ ಹೆಣ್ಣಿನ ಎದೆ ಒಡೆದೀತು.