ಮಂಗಳಮ್ಮನ ಒಟ್ಲು

ಮಂಗಳಮ್ಮನನ್ನು ಹನಕೆರೆಯ ಶಿವಣ್ಣನಿಗೆ ಕೊಟ್ಟಾಗ ತವರಿನವರೆಲ್ಲ, "ನಾಲೆ ನೀರಿನ ಊರಿಗೆ ಬಿದ್ದಳು, ಪುಣ್ಯವಂತೆ" ಎಂದಿದ್ದರು. ಅವಳು ಮಳವಳ್ಳಿ ಕಡೆಯ ಬೆದ್ದಲು ಸೀಮೆಯವಳು. ರಾಗಿ, ಹುರುಳಿ, ಅವರೆ ಬಿಟ್ಟರೆ ಬೇರೆ ಬೆಳೆಯನ್ನು ಮುಟ್ಟಿದವಳಲ್ಲ. ಮೋಡ ನೋಡದೆ ಬೇಸಾಯ ಮಾಡಬಹುದು ಎನ್ನುವುದೇ ಅವಳಿಗೆ ಕಥೆ ಕೇಳಿದಂತಿತ್ತು.

ಅವಳು ಬಂದ ವರ್ಷವೇ ಶಿವಣ್ಣ ಇದ್ದ ಹೊಲಕ್ಕೆಲ್ಲ ಕಬ್ಬು ನೆಟ್ಟ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿತ್ತು, ಊರಿಗೆ ಊರೇ ಕಬ್ಬಿನ ಹಿಂದೆ ಬಿದ್ದಿತ್ತು. ಆದರೆ ಇವರ ಹೊಲ ನಾಲೆಯ ಏರಿಯ ಬುಡದಲ್ಲಿ, ಎಲ್ಲರಿಗಿಂತ ತಗ್ಗಿನಲ್ಲಿತ್ತು. ಏರಿಯಿಂದ ಒಸರಿದ ನೀರು ಮಣ್ಣಿನೊಳಗೇ ಇಳಿದು ಬಂದು ಅಲ್ಲೇ ನಿಂತಿತು. ಕಬ್ಬು ಮೊಣಕಾಲೆತ್ತರಕ್ಕೆ ಬಂದು ಹಳದಿಯಾಯಿತು, ಬೇರು ಕೊಳೆತು ಮಲಗಿತು. ಮರುವರ್ಷ ರಾಗಿ ಚೆಲ್ಲಿದರು. ಅದು ಏಳಲೇ ಇಲ್ಲ. ಪಕ್ಕದ ಹೊಲದ ಲಿಂಗಯ್ಯ ಬದುವಿನ ಮೇಲೆ ನಿಂತು ನಕ್ಕ: "ಏನ್ಲಾ ಸಿವಣ್ಣ, ಒಲಾನ ಕಪ್ಪೆಗೊಳ್ಗೆ ಗುತ್ತಿಗೆ ಕೊಟ್ಬುಟ್ಟಾ?"

ಆ ಬೇಸಿಗೆಯಲ್ಲಿ ಶಿವಣ್ಣ ಕಾರ್ಖಾನೆಯ ಅಂಗಳದಲ್ಲಿ ಗಾಡಿಯಿಂದ ಕಬ್ಬು ಇಳಿಸುವ ಕೂಲಿಗೆ ಹೊರಟ. ಮನೆಯಲ್ಲಿ ಅತ್ತೆ ಚಿಕ್ಕಬೋರಮ್ಮ, ಸೊಸೆ, ಎರಡು ಎತ್ತು ಮತ್ತು ಆ ಜೌಗು ಉಳಿದವು.

ಒಂದು ಮಧ್ಯಾಹ್ನ ಲಿಂಗಯ್ಯನ ಕಬ್ಬಿನ ಕಳೆ ಕೀಳಲು ಮದ್ದೂರಿನಿಂದ ರೈಲಿನಲ್ಲಿ ಬಂದ ಹೆಂಗಸರ ಗುಂಪು ಮಂಗಳಮ್ಮನ ಕೊಟ್ಟಿಗೆಯ ನೆರಳಿಗೆ ಬಂದು ಕೂತಿತು. ಅವಳು ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಅವರಲ್ಲಿ ಹಿರಿಯಳು ಪುಟ್ಟಮಾದಮ್ಮ. ಮದ್ದೂರು ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಹಾಕಿಯೇ ಬೆನ್ನು ಬಾಗಿದ ಮುದುಕಿ. ಕಾಲು ತೊಳೆಯಲೆಂದು ಜೌಗಿಗೆ ಇಳಿದವಳು ಮೊಣಕಾಲವರೆಗೆ ಹೂತು ಹೋದಳು. ಎಳೆಯಲು ಓಡಿಬಂದ ಮಂಗಳಮ್ಮನ ಕೈ ಹಿಡಿದುಕೊಂಡೇ ಗಹಗಹಿಸಿ ನಕ್ಕಳು.

"ಇದ್ಯಾಕವ್ವ ಇಂಗೆ ಬುಟ್ಟಿದ್ದೀರಿ? ಬೆಣ್ಣೆ ಇದ್ದಂಗದೆ ಕೆಸ್ರು!"

"ಕಬ್ಬು ಬರಾಕಿಲ್ಲ ದೊಡ್ಡವ್ವ, ರಾಗೀನೂ ಬರಾಕಿಲ್ಲ."

"ಅದು ಬ್ಯಾಡ ಅಂತ ಒಲಾನೇ ಯೋಳ್ತಾ ಅದಲ್ಲ! ಬತ್ತ ಆಕು. ಒಂಗೆ ಸೊಪ್ಪು ತುಳ್ದು ಒಟ್ಲು ಬುಡು."

ಒಟ್ಲು ಎಂದರೆ ಭತ್ತದ ಸಸಿಮಡಿ ಎಂಬುದೂ ಮಂಗಳಮ್ಮನಿಗೆ ತಿಳಿದಿರಲಿಲ್ಲ. ಅಂದು ಸಂಜೆ ರೈಲು ಬರುವವರೆಗೂ ಸ್ಟೇಷನ್ನಿನ ಹುಣಸೆ ಮರದ ಕೆಳಗೆ ಕೂತು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಮತ್ತೆ ಕಳೆಗೆ ಬರುವಾಗ ಮುದುಕಿಯೂ ಅವಳ ಮಗಳೂ ಒಂದೊಂದು ಮೂಟೆ ಬೀಜದ ಭತ್ತ ಹೊತ್ತು ತಂದರು. "ಒಂದು ಈಗ ಚೆಲ್ಲು. ಇನ್ನೊಂದು ಇಟ್ಕೊ, ಕಾಗೆ ಗುಬ್ಬಿ ತಿಂದ್ರೆ ಬೇಕಾಯ್ತದೆ" ಎಂದಳು ಪುಟ್ಟಮಾದಮ್ಮ.

ಚಿಕ್ಕಬೋರಮ್ಮನಿಗೆ ಇದು ಹಿಡಿಸಲಿಲ್ಲ. "ಅನ್ನ ಅಂದ್ರೆ ಅಬ್ಬಕ್ಕೆ, ಇಲ್ದಿದ್ರೆ ಜರ ಬಂದೋರ್ಗೆ. ದುಡ್ಯೋರ ಒಟ್ಟೆಗೆ ರಾಗಿ ಇಟ್ಟೇ ಆಗ್ಬೇಕು" ಎಂದು ಗೊಣಗಿದಳು. ಆದರೂ ಸೊಸೆ ಹೊಂಗೆ ಸೊಪ್ಪು ತುಳಿಯಲು ಇಳಿದಾಗ ತಾನೂ ಸೀರೆ ಎತ್ತಿ ಕಟ್ಟಿ ಇಳಿದಳು. ಮೊಳಕೆ ಕಟ್ಟಿದ ಬೀಜವನ್ನು ಚೆಲ್ಲುವ ದಿನ ಮಂಗಳಮ್ಮನ ಕೈ ರಾಗಿ ಚೆಲ್ಲಿದ ರೂಢಿಯಲ್ಲೇ ಓಡಿತು. ಅಳತೆ ತಿಳಿಯದು, ಹುಮ್ಮಸ್ಸು ಬೇರೆ. ಎರಡು ಮೂಟೆಯನ್ನೂ ಮೊಳಕೆ ಕಟ್ಟಿದ್ದವಳು ಎರಡನ್ನೂ ಚೆಲ್ಲಿಬಿಟ್ಟಳು.

ವಾರದಲ್ಲಿ ಅರ್ಧ ಹೊಲ ಗಿಣಿಹಸಿರಾಯಿತು. "ಇಷ್ಟು ಪೈರು ಏನ್ ಮಾಡೀಯೆ? ಎತ್ಗೊಳ್ಗೆ ಆಕೀಯಾ?" ಎಂದು ಅತ್ತೆ ತಲೆ ಚಚ್ಚಿಕೊಂಡಳು.

ಆಗಲೇ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಮೇಲೆಲ್ಲೋ ನಾಲೆಯ ಏರಿ ಕುಸಿದು, ರಿಪೇರಿಗೆಂದು ನೀರು ನಿಲ್ಲಿಸಿದರು. ಮಳೆಯೂ ಕೈಕೊಟ್ಟಿತು. ಕಬ್ಬು ಕೊಯ್ದ ಗದ್ದೆಗಳಲ್ಲಿ ಆ ವರ್ಷ ಭತ್ತದ ನಾಟಿಗೆಂದು ಊರವರು ಬಿಟ್ಟಿದ್ದ ಒಟ್ಲುಗಳು ಒಂದೊಂದಾಗಿ ಬಿರುಕು ಬಿಟ್ಟವು, ಪೈರು ಒಣಗಿ ಹುಲ್ಲಾಯಿತು. ತಗ್ಗಿನ ಜೌಗಿನಲ್ಲಿ ಮಾತ್ರ ತೇವ ಆರಲಿಲ್ಲ. ನಾಲೆಗೆ ಮತ್ತೆ ನೀರು ಬಂದಾಗ ಎಲ್ಲರ ಗದ್ದೆಯಲ್ಲೂ ನೀರಿತ್ತು, ಪೈರು ಇದ್ದದ್ದು ಮಂಗಳಮ್ಮನಲ್ಲಿ ಮಾತ್ರ.

ಬೆಳಿಗ್ಗೆ ಲಿಂಗಯ್ಯ ಬಂದು ಅದೇ ಬದುವಿನ ಮೇಲೆ ನಿಂತ. ಈ ಸಲ ನಗಲಿಲ್ಲ. ತಲೆಯ ಮೇಲಿನ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ.

"ಮಂಗ್ಳವ್ವ, ಯಂಗ್ ಕೇಳ್ಲಿ... ಒಂದೀಟು ಪೈರು ಕೊಟ್ಟೀಯಾ ತಾಯಿ?"

ಕಪ್ಪೆಯ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ಮುಖ ನೋಡಿ ನುಂಗಿಕೊಂಡಳು. "ಕಿತ್ಕೊಂಡೋಗು ಮಾವ. ನಮ್ಗೆ ಆಗಿ ಮಿಕ್ಕೋದೇ ರಾಸಿ ಅದೆ. ಆದ್ರೆ ನಂಗೆ ನಾಟಿ ಬರಾಕಿಲ್ಲ. ನಿಮ್ಮೋರು ಬಂದು ಆಕ್ಕೊಡ್ಬೇಕು."

"ಅದೇನ್ ದೊಡ್ಡ ಮಾತು, ಮುಯ್ಯಾಳು ಬತ್ತೀವಿ ಬುಡು!"

ಲಿಂಗಯ್ಯನಂತೆಯೇ ಬಂದು ಪೈರು ಒಯ್ದ ಮನೆಗಳಿಂದೆಲ್ಲ, ಕೂಲಿಯ ಮಾತಿಲ್ಲದೆ, ಮುಯ್ಯಿಗೆ ಆಳು ಬಂದರು. ಜೌಗಿನಲ್ಲಿ ಸಾಲುಗಟ್ಟಿ ಬಾಗಿದ ಹೆಂಗಸರ ನಡುವೆ ಮಂಗಳಮ್ಮನೂ ಬಾಗಿ, ಪಕ್ಕದವಳ ಬೆರಳು ನೋಡಿಕೊಂಡು ನಾಟಿ ಕಲಿತಳು. ಸುದ್ದಿ ಕೇಳಿ ಶಿವಣ್ಣ ಮಂಡ್ಯದಿಂದ ನಡೆದೇ ಬಂದ. ಏರಿಯ ಮೇಲಿಂದ ನಾಟಿಯ ಸಾಲು ನೋಡಿದ. ಕಣ್ಣು ಒರೆಸಿಕೊಂಡು ಕೆಳಗಿಳಿದು, ಹೆಂಡತಿಯ ಹತ್ತಿರ, "ನಾನೇನ್ ಮಾಡ್ಲಿ ಯೋಳು" ಎಂದ.

"ಪೈರು ಒತ್ಕೊಂಡ್ ಬಾ" ಎಂದಳು. ಅವನು ಹೊತ್ತು ತಂದ. ಕೂಲಿಗೆ ಮತ್ತೆ ಹೋಗಲಿಲ್ಲ.

ತೆನೆ ಬಾಗಿ, ಕೊಯ್ದು, ಬಡಿದಾಗ ಕಣದಲ್ಲಿ ನಿಂತ ರಾಶಿಯನ್ನು ಚಿಕ್ಕಬೋರಮ್ಮ ಸುತ್ತು ಬಂದು ಕೈಮುಗಿದಳು. ಒರಳಿನಲ್ಲಿ ಹೊಸ ಅಕ್ಕಿ ಕುಟ್ಟಿ, ಮೊರದಲ್ಲಿ ತಾನೇ ಕೇರಿ, ಸೊಸೆಯ ಕೈಗೆ ಗಂಟು ಕೊಟ್ಟಳು. "ನಾವು ಉಣ್ಣೋಕ್ ಮೊದ್ಲು ಆ ಮದ್ದೂರವ್ವನ್ಗೆ ಕೊಟ್ಟು ಬಾ ಓಗು. ಯಾರೋ ಏನೋ, ದೇವ್ರು ಬಂದಂಗೆ ಬಂದ್ಲು."

ಮಂಗಳಮ್ಮ ಮೊದಲ ಬಾರಿಗೆ ರೈಲು ಹತ್ತಿದಳು. ಗಂಟನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದು, ಕಿಟಕಿಯಾಚೆ ಓಡುವ ಹಸಿರನ್ನು ನೋಡುತ್ತ ಹೋದಳು. ಮದ್ದೂರಿನಲ್ಲಿ ಕೇಳಿಕೊಂಡು ಮನೆ ಹುಡುಕಿ, ಪುಟ್ಟಮಾದಮ್ಮನ ಮುಂದೆ ಗಂಟಿಟ್ಟು ಕಾಲು ಮುಟ್ಟಿದಳು. ಎರಡು ಮೂಟೆಯನ್ನೂ ಚೆಲ್ಲಿದ್ದನ್ನು ಹೇಳಿದಾಗ ಮುದುಕಿಗೆ ನಕ್ಕು ನಕ್ಕು ಕೆಮ್ಮು ಬಂತು.

"ನಾನ್ ಏನ್ ಕೊಟ್ಟೆ ಮಗ? ಎಲ್ಡು ಮೂಟೆ ಬೀಜ, ಒಂದು ಬಾಯ್ಮಾತು, ಅಷ್ಟೇಯ. ಕೆಸ್ರಿಗೆ ಇಳ್ದೋಳು ನೀನು ಕಣವ್ವ."

"ನೀನು ಯೋಳ್ದೆ ಇದ್ದಿದ್ರೆ ಇಳೀತಿರ್ನಿಲ್ಲ ದೊಡ್ಡವ್ವ" ಎಂದಳು ಮಂಗಳಮ್ಮ.

ಮುದುಕಿ ಆ ಅಕ್ಕಿಯನ್ನೇ ಬೇಯಿಸಿ, ಹುರುಳಿ ಸಾರು ಬಿಟ್ಟು, ಎರಡು ತಟ್ಟೆಗೂ ಬಡಿಸಿದಳು. ಬಿಸಿ ಅನ್ನದ ಘಮ ಗುಡಿಸಲನ್ನೆಲ್ಲ ತುಂಬಿತು. ಕೊನೆಯ ತುತ್ತು ಬಾಯಲ್ಲಿರುವಾಗಲೇ ಮಂಗಳಮ್ಮ ಕೇಳಿದಳು:

"ದೊಡ್ಡವ್ವ, ಬ್ಯಾಸ್ಗೆ ಬೆಳೆಗೆ ಯಾವ ಬೀಜ ಆಯ್ತದೆ?"

"ಮೊದ್ಲು ಕೈ ತೊಳ್ಕೊ" ಎಂದು ಪುಟ್ಟಮಾದಮ್ಮ ಚೊಂಬು ಮುಂದೆ ಚಾಚಿದಳು.