ರಾಕ್ಷಸನ ಹೊಟ್ಟೆಗೊಂದು ರೊಟ್ಟಿ ಚೂರು

ಕಳೆದ ತಿಂಗಳು ಉತ್ತರಹಳ್ಳಿಯ ನಮ್ಮ ಮನೆಗೆ ಸುಣ್ಣ ಬಣ್ಣ ಮಾಡಿಸಲೆಂದು ಸಜ್ಜೆಯ ಮೇಲಿನ ಸಾಮಾನು ಇಳಿಸುತ್ತಿದ್ದೆ. ಹಳೆಯ ಪಂಚೆಯಲ್ಲಿ ಸುತ್ತಿದ್ದ ಕಟ್ಟೊಂದು ಸಿಕ್ಕಿತು. ಗಂಟು ಬಿಚ್ಚಿದ ಕೂಡಲೇ ನುಸಿಗುಳಿಗೆಯ ಘಾಟು, ಅದರ ಹಿಂದೆಯೇ ಒಣಗಿದ ಮೈದಾ ಅಂಟಿನ ಹುಳಿ ವಾಸನೆ. ಒಳಗಿನ ಚಿತ್ರ ಕಾಣುವ ಮೊದಲೇ, ಅದನ್ನು ಮಾಡಿದ ಅಕ್ಕನ ನೆನಪಾಯಿತು. ಜೊತೆಗೆ, ಇಷ್ಟು ವರ್ಷ ಮುಚ್ಚಿಟ್ಟಿದ್ದ ಸಿಟ್ಟೂ ಬಂತು. ಯಾರ ಮೇಲಿನ ಸಿಟ್ಟು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಸುದ್ದಗುಂಟೆಪಾಳ್ಯದಲ್ಲಿ, ಒಂದು ಮನೆಯ ತಾರಸಿಯ ಮೇಲಿನ ಶೀಟಿನ ರೂಮಿನಲ್ಲಿದ್ದೆ. ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಯಾರು ಏನೇ ಹೇಳಿದರೂ ಪುರಾವೆ ಕೇಳುವ ವಯಸ್ಸು. ಕೆಳಗಿನ ಮನೆಯಲ್ಲಿ ಗದಗದ ಕಡೆಯಿಂದ ಬಂದ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡ ಯಾವುದೋ ಆಫೀಸಿನಲ್ಲಿ ಅಟೆಂಡರ್. ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಾದರೂ ಅವರು ನನ್ನನ್ನು ಸರ ಅನ್ನುವುದನ್ನು ಬಿಡಲಿಲ್ಲ.

ಅಕ್ಕ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರ ಹಾಕಿ, ಚಿಂದಿ ಕೂಡಿಸಿ ಹೊಲಿಯುವ ಹೊದಿಕೆ. ಆದರೆ ಈ ಚಿತ್ರವನ್ನು ಏನೆಂದು ಕರೆಯುವುದೋ ನನಗೆ ಇವತ್ತಿಗೂ ತಿಳಿಯದು. ಗೋಣಿತಾಟಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪೋಸ್ಟರ್ ಬಣ್ಣ, ಬಣ್ಣದ ಮೇಲೆ ಮತ್ತೆ ಗುಂಡಿ, ಬಳೆ ಚೂರು, ಕಾಗದ. ಏಳು ಸಮುದ್ರದಾಚೆಯ ಗಿಳಿಯೊಳಗೆ ತನ್ನ ಪ್ರಾಣ ಇಟ್ಟ ರಾಕ್ಷಸನ ಕಥೆ ಅದು. ಗಂಡ ದಿನಾ ಜೇಬಿನಿಂದ ತೆಗೆದುಕೊಡುತ್ತಿದ್ದ ಬಸ್ ಟಿಕೆಟುಗಳೇ ಏಳು ಸಮುದ್ರದ ಅಲೆ. ಊದುಬತ್ತಿ ಕಡ್ಡಿಗಳ ಪಂಜರ. ಹಸಿರು ಲಂಗದ ಬಟ್ಟೆಯ ರಾಕ್ಷಸನಿಗೆ ಒಂದು ಕಣ್ಣು ಕೋಟಿನ ಗುಂಡಿ, ಇನ್ನೊಂದು ಅಂಗಿಯದು. ಅವನು ಗಿಳಿಗೆ ಛತ್ರಿ ಹಿಡಿದು ನಿಂತಿದ್ದ!

"ರಾಕ್ಷಸ ಛತ್ರಿ ಹಿಡೀತಾನಾ ಅಕ್ಕ?" ಅಂದೆ.

"ಮತ್ತ? ಜೀವ ಅದರಾಗ ಐತಲ್ರಿ ಸರ. ಅದಕ್ಕ ನೆಗಡಿ ಆದ್ರ ಇವಗ ಜ್ವರ ಬರತೈತಿ."

ನಾನೇ ಉತ್ಸಾಹದಿಂದ ಬಿ.ಟಿ.ಎಂ. ಲೇಔಟಿನಲ್ಲಿ ಹೊಸದಾಗಿ ಶಿಶುವಿಹಾರ ತೆರೆಯುತ್ತಿದ್ದ ಮೇಡಂ ಒಬ್ಬರಿಗೆ ವಿಷಯ ಹೇಳಿದೆ. ಅವರು ಬಂದು, ಅರ್ಧ ಆಗಿದ್ದ ಚಿತ್ರ ನೋಡಿ, "ಸಖತ್ತಾಗಿದೆ ಕಣ್ರೀ, ಮುಗಿಸಿ ತನ್ನಿ. ಹಾಲ್‌ನಲ್ಲಿ ಹಾಕೋಣ. ಮಕ್ಕಳಿಗೆ ಡ್ರಾಯಿಂಗ್ ಹೇಳ್ಕೊಡೋಕೆ ನೀವೇ ಬಂದ್ಬಿಡಿ" ಅಂದರು. ಹೊರಡುವಾಗ, "ಬಟ್ಟೆ ಅಲ್ವಾ, ಇರುವೆ ಗಿರುವೆ ಬರಲ್ಲ ತಾನೆ?" ಅಂತಲೂ ಕೇಳಿದರು. ಅಕ್ಕ ಊರು ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಈ ಊರಿನಲ್ಲಿ ಅವರಿಗೆ ಯಾರಾದರೂ ಬನ್ನಿ ಅಂದದ್ದು ಅದೇ ಮೊದಲು. ಆಮೇಲಿನ ಒಂದು ವಾರ ಅವರು ನಡೆಯುತ್ತಿದ್ದ ರೀತಿಯೇ ಬೇರೆಯಿತ್ತು...

ಕೊನೆಯ ದಿನ ಅಕ್ಕ ರಾಕ್ಷಸನ ಹೊಟ್ಟೆಗೆ ಚಿಂದಿ ತುಂಬಿ, ಮುಚ್ಚುವ ಮೊದಲು ಗರಿಗರಿಯಾಗಿ ಒಣಗಿಸಿದ ಜೋಳದ ಕಟಕ ರೊಟ್ಟಿಯ ಚೂರೊಂದನ್ನು ಒಳಗಿಟ್ಟರು. ಅವರ ಊರಲ್ಲಿ ಕೌದಿ ಮುಗಿಸುವಾಗ ಹೀಗೆ ಒಂದು ತುತ್ತು ಇಟ್ಟೇ ಹೊಲಿಗೆ ಹಾಕುವುದಂತೆ.

"ಇದು ಕೌದಿ ಅಲ್ವಲ್ಲ ಅಕ್ಕ, ಚಿತ್ರ."

"ಬಟ್ಟಿ ಐತಿ, ದಾರ ಐತಿ, ಹೊಟ್ಟಿ ಐತಿ. ಹಸದಿದ್ದು ಹಸದಿದ್ದ ಅಲ್ಲೇನ್ರಿ? ಪಾಪ, ಎಲ್ಲಾ ಗಿಳಿಗೇ ತಿನಸ್ತಾನ. ಇಷ್ಟ್ ಓದೀರಿ, ಇಷ್ಟೂ ತಿಳಿಯಂಗಿಲ್ಲಲ್ರಿ ನಿಮಗ!"

ಮೇಲೆ ಚೆನ್ನಾಗಿ ಬಿಸಿಲು ಬೀಳುತ್ತದೆಂದು ಚಿತ್ರವನ್ನು ನನ್ನ ರೂಮಿನ ಮುಂದೆ ಒಣಗಲು ಇಟ್ಟು ಹೋದರು. ಮಧ್ಯಾಹ್ನ ನೋಡಿದರೆ ಚೌಕಟ್ಟಿನ ಮೇಲೆ ಎರಡು ಇರುವೆ. ಎರಡೋ, ಹತ್ತೋ... ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಲು ಈಗ ಹತ್ತು ಅನ್ನಬೇಕೆನಿಸುತ್ತದೆ. ಮೇಡಂ ಕೇಳಿದ ಮಾತು ತಲೆಯಲ್ಲಿತ್ತು. ಅಕ್ಕನ ಕೆಲಸ ಹೋದೀತೆಂದು ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಚೂರನ್ನು ತೆಗೆದು ಹೊರಗೆಸೆದೆ. ನನಗೆ ಹೊಲಿಗೆ ಬಾರದು. ಬಿಚ್ಚಿದ ಅಂಚಿಗೆ ಅಂಟು ಹಚ್ಚಿ ಒತ್ತಿದೆ.

ಮರುದಿನ ಇಬ್ಬರೂ ಚಿತ್ರವನ್ನು ಆಟೋದಲ್ಲಿ ಶಿಶುವಿಹಾರಕ್ಕೆ ಒಯ್ದೆವು. ಗೋಡೆಗೆ ಏರಿಸುವ ಮುನ್ನ ಅಕ್ಕ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದರು. ರಾಕ್ಷಸನ ಹೊಟ್ಟೆಯ ಹತ್ತಿರ ಕೈ ನಿಂತಿತು. ಒತ್ತಿ ನೋಡಿದರು. ಮತ್ತೆ ಒತ್ತಿದರು.

"ಇದು ಕೊಡಾಕ ಬರಂಗಿಲ್ರಿ ಮೇಡಂ."

"ಯಾಕ್ರೀ, ಏನಾಯ್ತು?"

"ಹಸದೈತ್ರಿ. ಹಸದಿದ್ದನ್ನ ಮಕ್ಕಳ ಮುಂದ ತೂಗಹಾಕಬಾರದು."

ಮೇಡಂ ಮೊದಲು ನಕ್ಕರು. ನಾಳೆ ತರುತ್ತೇನೆ ಅಂತ ಅಕ್ಕ ಅಂದರೂ ಕೇಳಲಿಲ್ಲ. "ನಾಳೆ ಓಪನಿಂಗ್ ಇದೆ, ಈಗ ಹೀಗಂದ್ರೆ ಹೇಗ್ರೀ? ಬಿಡಿ, ನಾನು ಬೇರೆಯವರನ್ನ ನೋಡ್ಕೋತೀನಿ" ಅಂದರು. ಹೀಗೆಂದೇ ನನ್ನ ನೆನಪು. ಆ ಕ್ಷಣ ನಾನು ಬಾಯಿಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ.

ಹಿಂದಕ್ಕೆ ಬರುವಾಗ ಆಟೋದಲ್ಲಿ ಅಕ್ಕ ಕೇಳಿದರು: "ಸರ, ನೀವು ತೆಗದ್ರೇನ್ರಿ?"

"ಇಲ್ಲಕ್ಕ. ಇಲಿ ಇರಬೇಕು."

"ಇಲಿಗೆ ಅಂಟು ಹಚ್ಚಾಕ ಬರತೈತೇನ್ರಿ?"

ಈ ಕೊನೆಯ ಮಾತನ್ನು ಅವರೇ ಅಂದರೋ, ಇಷ್ಟು ವರ್ಷಗಳಲ್ಲಿ ನಾನೇ ಅವರ ಬಾಯಲ್ಲಿ ಇಟ್ಟೆನೋ, ಆಣೆ ಮಾಡಿ ಹೇಳಲಾರೆ. ಆಟೋದ ಸದ್ದು ಚೆನ್ನಾಗಿ ನೆನಪಿದೆ. ಅವರ ಮುಖ ನೆನಪಿಲ್ಲ. ನೋಡಿದ್ದರೆ ತಾನೆ ನೆನಪಿರುವುದು.

ಆಮೇಲೆ ಎರಡು ತಿಂಗಳಿಗೆ ಅವರು ಮನೆ ಖಾಲಿ ಮಾಡಿ ಊರಿಗೆ ಹೋದರು. ನಾನು ಯೂನಿವರ್ಸಿಟಿಯಿಂದ ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ನನ್ನ ಬಾಗಿಲಿಗೆ ಈ ಕಟ್ಟು ಒರಗಿಸಿಟ್ಟಿದ್ದರು. ಚೀಟಿ ಇರಲಿಲ್ಲ. ನಾಚಿಕೆಗೋ ಹೆದರಿಕೆಗೋ ಬಿಚ್ಚಲಿಲ್ಲ. ನಾಲ್ಕು ಮನೆ ಬದಲಿಸಿದೆ, ಪ್ರತಿಸಲವೂ ಮೇಲೆ ಒಂದಷ್ಟು ನುಸಿಗುಳಿಗೆ ಹಾಕಿ ಹಾಗೇ ಸಜ್ಜೆಗೆ ಏರಿಸಿದೆ.

ಈಗ ಬಿಚ್ಚಿದಾಗ ಮೊದಲು ನೋಡಿದ್ದು ಹೊಟ್ಟೆಯನ್ನೇ. ಅಲ್ಲಿ ಅಂಟಿನ ಗುರುತಿಲ್ಲ. ನೀಲಿ ದಾರದ ಒತ್ತೊತ್ತು ಹೊಲಿಗೆಯಿದೆ. ಉಳಿದ ಕಡೆಯೆಲ್ಲ ಕೆಂಪು ದಾರ. ಒತ್ತಿದರೆ ಒಳಗೆ ಗಟ್ಟಿಯಾಗಿ ಏನೋ ಸಿಗುತ್ತದೆ. ಅಂದರೆ ನನಗೆ ಕೊಡುವ ಮುಂಚೆ ಮತ್ತೊಂದು ತುತ್ತು ಇಟ್ಟು ಹೊಲಿದಿದ್ದಾರೆ. ನಾನು ತೆಗೆದದ್ದು ಗೊತ್ತಿದ್ದೂ ಇಟ್ಟರೇ? ಇಲಿಯ ಕಥೆ ನಂಬಿ ಇಟ್ಟರೇ? ಅಥವಾ ಹೊಟ್ಟೆಗೆ ಮೊದಲಿನಿಂದಲೂ ನೀಲಿ ದಾರವೇ ಇದ್ದು, ನಾನು ತೆಗೆದೆನೆನ್ನುವುದೇ ಸುಳ್ಳು ನೆನಪೇ? ಹಾಗಾದರೆ ಇಷ್ಟು ವರ್ಷ ಹೊತ್ತದ್ದು ಏನನ್ನು?

ಅಕ್ಕ ಈಗ ಎಲ್ಲಿದ್ದಾರೆಂದು ಕೇಳೋಣವೆಂದು ಸುದ್ದಗುಂಟೆಪಾಳ್ಯಕ್ಕೆ ಹೋದೆ. ಆ ಮನೆಯ ಜಾಗದಲ್ಲಿ ಐದಂತಸ್ತಿನ ಪಿ.ಜಿ. ಇದೆ. ಓನರ್ ಮಗನಿಗೆ ಅವರ ನೆನಪೇ ಇಲ್ಲ. "ಗದಗದ ಕಡೆ ಅಂದ್ರೆ ಯಾವೂರು ಸಾರ್?" ಅಂದ. ನಾನು ಒಂದು ದಿನವೂ ಕೇಳಿರಲಿಲ್ಲ.

ಚಿತ್ರ ಈಗ ನನ್ನ ಮೇಜಿನ ಮೇಲಿದೆ. ಸಣ್ಣ ಕತ್ತರಿ ತಂದಿಟ್ಟುಕೊಂಡು ವಾರವಾಯಿತು, ಹೊಲಿಗೆ ಬಿಚ್ಚುವ ಧೈರ್ಯವಿಲ್ಲ. ದಿನಾ ಬೆರಳಿನಿಂದ ಒತ್ತಿ ನೋಡುವುದೇ ಆಯಿತು, ಇದೆ, ಇದೆ ಎಂದು ಖಾತ್ರಿ ಮಾಡಿಕೊಳ್ಳಲು. ಇವತ್ತು ಬೆಳಿಗ್ಗೆ ಸ್ವಲ್ಪ ಜೋರಾಗಿ ಒತ್ತಿದೆನೋ ಏನೋ... ಒಳಗೆ ಪಟಕ್ಕೆಂದು ಸಣ್ಣ ಸದ್ದಾಯಿತು. ಮತ್ತೆ ಒತ್ತಿದರೆ ಬೆರಳಿಗೆ ಬರೀ ಮೆತ್ತನೆಯ ಚಿಂದಿ.