ಬಾಗಿಲಿನಿಂದಲೇ ತಿರುಗಿ ಹೋದವರು

ಕೊರೊನಾ ಮುಗಿದ ಎರಡನೆಯ ವರ್ಷ ನಾನು ಶಹಾಪುರದ ಸೂಪರ್ ಮಾರ್ಕೆಟ್ ಒಂದರಲ್ಲಿ ಫ್ಲೋರ್ ಸೂಪರ್‌ವೈಸರ್ ಆಗಿದ್ದೆ. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದವಳು. ಕಪಾಟುಗಳನ್ನು ತುಂಬಿಸುವುದು, ಅವಧಿ ಮುಗಿದ ಸಾಮಾನು ತೆಗೆಸುವುದು, ಗಿರಾಕಿಗಳ ತಕರಾರು ಕೇಳುವುದು ನನ್ನ ಪಾಲಿನ ಕೆಲಸ. ಆ ವರ್ಷ ಹೆಡ್ ಆಫೀಸಿನಿಂದ ಒಂದು ಸುತ್ತೋಲೆ ಬಂತು: ಇನ್ನು ಮುಂದೆ ಸ್ನಾತಕೋತ್ತರ ಪದವಿ ಇಲ್ಲದವರು ಸ್ಟೋರ್ ಮ್ಯಾನೇಜರ್ ಆಗುವಂತಿಲ್ಲ. ಸುರಪುರದಲ್ಲಿ ಹೊಸ ಶಾಖೆ ತೆರೆಯುವ ಮಾತು ನಡೆದಿತ್ತು. ಆ ಕುರ್ಚಿ ನನಗೆ ಬೇಕಿತ್ತು. ದೂರಶಿಕ್ಷಣದಲ್ಲಿ ರೀಟೇಲ್ ಮ್ಯಾನೇಜ್‌ಮೆಂಟ್ ಎಂಬಿಎಗೆ ಹೆಸರು ಹಚ್ಚಿದೆ.

ಓದಲು ಸಮಯ ಸಿಗುವುದಿಲ್ಲ ಎಂಬ ಭಯವಿತ್ತು. ನಿಜವಾದ ತೊಡಕು ಭಾನುವಾರದ್ದು ಎಂದು ಮೊದಲ ತಿಂಗಳಿನಲ್ಲೇ ತಿಳಿಯಿತು. ತರಗತಿಗಳು ಯಾದಗಿರಿಯ ಅಧ್ಯಯನ ಕೇಂದ್ರದಲ್ಲಿ ಭಾನುವಾರ ನಡೆಯುತ್ತಿದ್ದವು. ಅಂಗಡಿಗೆ ಅತಿ ಹೆಚ್ಚು ಜನ ಬರುವುದೂ ಭಾನುವಾರವೇ. ನನ್ನ ವಾರದ ರಜೆ ಮಂಗಳವಾರ. ಮ್ಯಾನೇಜರ್ ಪ್ರಶಾಂತ್ ಸರ್ ಬಳಿ ರಜೆ ಕೇಳಿದಾಗಲೆಲ್ಲ ಅವರದ್ದು ಒಂದೇ ಉತ್ತರ: "ಓದಿ ಮೇಡಂ, ಯಾರು ಬೇಡ ಅಂದ್ರು? ಆದ್ರೆ ಭಾನುವಾರ ಬಿಟ್ಟು." ಓದಿಲ್ಲದಿದ್ದರೆ ಬಡ್ತಿ ಇಲ್ಲ ಎನ್ನುವುದೂ ಅದೇ ಕಂಪನಿ, ಓದಲು ಬಿಡದಿದ್ದುದೂ ಅದೇ ಕಂಪನಿ. ಸಹೋದ್ಯೋಗಿಗಳ ಹಬ್ಬದ ಪಾಳಿಗಳನ್ನೆಲ್ಲ ನಾನು ಮಾಡಿ, ಬದಲಿಗೆ ತಿಂಗಳಿಗೆ ಎರಡು ಭಾನುವಾರ ಹೊಂದಿಸಿಕೊಂಡೆ. ಯುಗಾದಿಯ ದಿನವೂ ನನ್ನ ಊಟ ಗೋದಾಮಿನಲ್ಲೇ ಆಯಿತು.

ಇಷ್ಟು ಪಾಡುಪಟ್ಟು ತರಗತಿಗೆ ಹೋದರೆ ಅಲ್ಲಿ ಹೇಳುತ್ತಿದ್ದುದು ಬೇರೆಯೇ ಲೋಕದ ವಿಷಯ. ಮಾಲ್‌ನಲ್ಲಿ ಕಾರು ನಿಲ್ಲಿಸುವ ಜಾಗ ಎಷ್ಟಿರಬೇಕು, ಎಸ್ಕಲೇಟರ್ ಪಕ್ಕ ಯಾವ ಮಳಿಗೆ ಇರಬೇಕು. ನಾನು ಎದ್ದು, "ಸರ್, ನಮ್ಮಲ್ಲಿ ಗಿರಾಕಿಗಳು ಹಳ್ಳಿಯಿಂದ ಟಂಟಂ ಆಟೋ ಹತ್ತಿ ಬರ್ತಾರ, ಅವರ ಬಗ್ಗೆ ಏನರ ಐತೇನ್ರಿ?" ಎಂದು ಕೇಳಿದೆ. ಪಾಠ ಮಾಡುತ್ತಿದ್ದವರು ನಕ್ಕು, "ಪರೀಕ್ಷಾದಾಗ ನಾ ಹೇಳಿದ್ದನ್ನ ಬರೀರಿ, ಟಂಟಂ ಬಗ್ಗೆ ಯಾರೂ ಕೇಳಂಗಿಲ್ಲ" ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಪುಸ್ತಕ ತೆರೆಯುವ ಮನಸ್ಸೂ ಆಗಲಿಲ್ಲ.

ಎರಡನೆಯ ವರ್ಷ ಪ್ರಾಜೆಕ್ಟ್ ಮಾಡಬೇಕಿತ್ತು. ನಾನು 'ಕನ್ವರ್ಶನ್' ಎಂಬ ವಿಷಯ ಆರಿಸಿಕೊಂಡೆ. ಬಾಗಿಲಿಗೆ ಬಂದವರಲ್ಲಿ ಎಷ್ಟು ಜನ ಕೊಂಡು ಹೋಗುತ್ತಾರೆ ಎಂಬುದಕ್ಕೆ ಈ ವ್ಯಾಪಾರದಲ್ಲಿ ಬಳಸುವ ಮಾತು ಅದು. ಕೊಂಡವರ ವಿವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ಕೊಳ್ಳದವರದ್ದು ಎಲ್ಲೂ ಇರುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎದುರಿನ ಕಬ್ಬಿನ ಹಾಲಿನ ಅಂಗಡಿಯ ನೆರಳಿನಲ್ಲಿ ನಿಂತು ನಾನೇ ಎಣಿಸತೊಡಗಿದೆ. ಒಂದು ದಿನ ಆ ಅರ್ಧ ಗಂಟೆಯಲ್ಲಿ ಹದಿನೇಳು ಜನ ಬಾಗಿಲಿನವರೆಗೆ ಬಂದು ತಿರುಗಿ ಹೋದರು. ಅವರಲ್ಲಿ ಹದಿನಾಲ್ಕು ಜನ ಹೆಂಗಸರು, ಹದಿನಾಲ್ಕೂ ಜನರ ಕೈಯಲ್ಲಿ ಬಟ್ಟೆಯ ಚೀಲ. ನಮ್ಮಲ್ಲಿ ಚೀಲವನ್ನು ಬಾಗಿಲ ಬಳಿಯ ಕೌಂಟರ್‌ನಲ್ಲಿ ಇಟ್ಟು, ನಂಬರಿನ ಟೋಕನ್ ತೆಗೆದುಕೊಂಡು ಒಳಗೆ ಬರಬೇಕೆಂಬ ನಿಯಮವಿತ್ತು. ಅವರು ಆ ಕೌಂಟರ್ ಕಂಡೇ ಹಿಂದೆ ಸರಿಯುತ್ತಿದ್ದರು.

ಹಾಗೆ ತಿರುಗಿ ಹೋದವರಲ್ಲಿ ಅರವತ್ತರ ಆಸುಪಾಸಿನ ಒಬ್ಬಾಕೆಯ ಹಿಂದೆ ಬಸ್ ನಿಲ್ದಾಣದವರೆಗೂ ಹೋದೆ. ಹೆಸರು ಬಸಲಿಂಗಮ್ಮ, ಊರು ದೋರನಹಳ್ಳಿ, ಹೊಲ ಮನೆ ನೋಡಿಕೊಂಡಿರುವಾಕೆ. ಚೀಲ ಇಡಲು ಏನು ಅಡ್ಡಿ ಎಂದು ಕೇಳಿದೆ. ಆಕೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು.

"ನಿನಗ ನೆನಪಿಲ್ಲ, ಹೌದಿಲ್ಲೋ? ಬಸ್ ಬಂತು. ಕೇಳೂದಿದ್ರ ಮನಿಗಿ ಬಾ."

ಮಂಗಳವಾರ ದೋರನಹಳ್ಳಿಗೆ ಹೋದೆ. ಕೈಯಲ್ಲಿ ಇಪ್ಪತ್ತು ಪ್ರಶ್ನೆಗಳ ಪ್ರಶ್ನಾವಳಿ. ಬಸಲಿಂಗಮ್ಮ ಚಹಾ ಕೊಟ್ಟರು, ಪ್ರಶ್ನಾವಳಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಹ್ವಾದ ವರ್ಷ ನನ್ನ ಮಗಳು ಶಹಾಪುರ ದವಾಖಾನ್ಯಾಗ ಹಡದಿದ್ಲು. ಅಕೀನ ಬಟ್ಟಿ ಒಗಿಲಾಕ ಚೀಲದಾಗ ಹಾಕ್ಕೊಂಡು ಊರಿಗಿ ಹೊಂಟಿದ್ದೆ. ಕೂಸಿನ ಮೈ ತೊಳಿಯಾಕ ಸಬಕಾರ ತಗೊಳಾಕ ನಿಮ್ಮ ಅಂಗಡಿಗಿ ಬಂದೆ. ನೀವು ಕೊಟ್ಟ ನಂಬರಿನ ಬಿಲ್ಲಿ ಎಲ್ಲೋ ಬಿತ್ತು. ಚೀಲ ನಿಂದ ಅಂತ ಹ್ಯಾಂಗ ನಂಬಬೇಕು, ಒಳಗ ಏನೇನೈತಿ ತೆಗದು ತೋರಸು ಅಂದ ಆ ಕಾವಲಿನವ. ಬ್ಯಾಡಪಾ ಅಂದೆ. ಕೇಳಲಿಲ್ಲ, ಚೀಲ ಬೋರಲ ಹಾಕಿ ಸುರುವಿದ. ಬಾಣಂತಿ ಬಟ್ಟಿ, ಯವ್ವಾ. ಹತ್ತು ಮಂದಿ ಗಂಡಸರ ಮುಂದ."

ನಾನು ಚಹಾದ ಲೋಟ ಕೆಳಗಿಟ್ಟೆ.

"ನೀ ಅಲ್ಲೇ ನಿಂತಿದ್ದಿ. ರೂಲ್ಸ್ ಪ್ರಕಾರ ಮಾಡ್ರಿ ಅಂತ ಅವಗ ಹೇಳಿ ಆಕಡಿ ಹೊಳ್ಳಿದಿ."

ನೆನಪಾಯಿತು. ಆ ದಿನ ಬಿಸ್ಕತ್ತಿನ ಕಪಾಟು ಜೋಡಿಸುವ ಅವಸರದಲ್ಲಿದ್ದೆ. ಗಾರ್ಡ್ ಬಂದು ಕೇಳಿದ್ದ, ನಾನು ಆ ಮಾತು ಹೇಳಿದ್ದೆ. ಸಂಜೆ ರಿಜಿಸ್ಟರ್‌ನಲ್ಲಿ 'ಟೋಕನ್ ಕಳೆದ ಪ್ರಕರಣ, ಇತ್ಯರ್ಥ' ಎಂದು ಬರೆದು ಸಹಿಯನ್ನೂ ಹಾಕಿದ್ದೆ. ಚೀಲದಲ್ಲಿ ಏನಿತ್ತೆಂದು ತಿರುಗಿಯೂ ನೋಡಿರಲಿಲ್ಲ.

"ತಪ್ಪಾತ್ರಿ ಅವ್ವಾ" ಎಂದೆ.

"ಇಲ್ಲಿ ನನ್ನ ಪಡಸಾಲ್ಯಾಗ ಕುಂತು ತಪ್ಪಾತು ಅಂದ್ರ ಏನು ಬಂತು?" ಎಂದರು ಬಸಲಿಂಗಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇಜ್ಜತ್ ಹೋಗಿದ್ದು ಅಲ್ಲಿ, ಮಂದಿ ಮುಂದ."

ಈ ಸಂಗತಿಯನ್ನು ನನ್ನ ತಪ್ಪಿನ ಸಮೇತ ಪ್ರಾಜೆಕ್ಟ್ ವರದಿಯಲ್ಲಿ ಎರಡು ಪುಟ ಬರೆದೆ. ಪರಿಹಾರವನ್ನೂ ಸೂಚಿಸಿದೆ: ಚೀಲದ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಗಿರಾಕಿಯ ಕೈಯಲ್ಲೇ ಬಿಟ್ಟರಾಯಿತು, ಟೋಕನ್ನೇ ಬೇಡ. ಯಾದಗಿರಿಯಲ್ಲಿ ನನ್ನ ಗೈಡ್ ಆ ಎರಡು ಪುಟಗಳ ಮೇಲೆ ಕೆಂಪು ಗೆರೆ ಎಳೆದರು. "ನೋಡಮ್ಮ, ಒಬ್ಬಾಕಿ ಹೇಳಿದ್ದು ಡೇಟಾ ಆಗಂಗಿಲ್ಲ. ಕತಿ ಆಗತೈತಿ. ತೆಗಿ." ಶಹಾಪುರದಲ್ಲಿ ಪ್ರಶಾಂತ್ ಸರ್ ಅದೇ ಪುಟಗಳನ್ನು ಓದಿ ಮುಖ ಗಂಟಿಕ್ಕಿದರು. ಪ್ರಾಜೆಕ್ಟ್ ನಮ್ಮ ಅಂಗಡಿಯಲ್ಲೇ ನಡೆಯಿತು ಎಂದು ಕಂಪನಿಯ ಪ್ರಮಾಣಪತ್ರ ಬೇಕಿತ್ತು, ಅದಕ್ಕೆ ಅವರ ಸಹಿ ಬೇಕಿತ್ತು. "ಇದು ಇದ್ರೆ ನಾನು ಸಹಿ ಹಾಕಲ್ಲ. ಚೀಲದ ಕೌಂಟರ್ ನನ್ನದಲ್ಲ, ಹೆಡ್ ಆಫೀಸಿನದು" ಎಂದರು. ಒಬ್ಬರಿಗೆ ಅದು ತೀರ ಸಣ್ಣದು, ಇನ್ನೊಬ್ಬರಿಗೆ ತೀರ ದೊಡ್ಡದು. ತೆಗೆ ಎನ್ನುವುದರಲ್ಲಿ ಮಾತ್ರ ಇಬ್ಬರೂ ಒಂದೇ. ಸಲ್ಲಿಸಲು ಹತ್ತು ದಿನ ಉಳಿದಿತ್ತು.

ತೆಗೆದೆ. ನಾಚಿಕೆ ಇಲ್ಲದೆ ಹೇಳುವುದಾದರೆ, ಅವತ್ತು ಸಂಜೆಯೇ ಆ ಎರಡು ಪುಟಗಳನ್ನು ತೆಗೆದು ಹೊಸ ಪ್ರತಿ ಪ್ರಿಂಟ್ ಹಾಕಿಸಿದೆ. ಆದರೆ ಆ ಪ್ರತಿಯನ್ನು ಮ್ಯಾನೇಜರ್ ಮುಂದೆ ಇಡಲು ಮೂರು ದಿನ ಕೈ ಬರಲಿಲ್ಲ. ನಾಲ್ಕನೆಯ ದಿನ ಮಂಗಳವಾರ. ಮತ್ತೆ ದೋರನಹಳ್ಳಿಗೆ ಹೋಗಿ, "ಭಾನುವಾರ ಅಂಗಡಿಗಿ ಬರ್ರಿ ಅವ್ವಾ, ಮಂದಿ ಮುಂದನ ಹೇಳ್ತೀನಿ" ಎಂದೆ.

ಭಾನುವಾರ ಹನ್ನೊಂದರ ಹೊತ್ತಿಗೆ ಬಸಲಿಂಗಮ್ಮ ಬಂದರು, ಜೊತೆಗೆ ಕೂಸನ್ನೆತ್ತಿಕೊಂಡ ಮಗಳು. ಬಾಗಿಲ ಹೊರಗೇ ನಿಂತರು. ಕೌಂಟರ್ ಮುಂದೆ ಸಾಲು ಮೆಟ್ಟಿಲವರೆಗೂ ಇತ್ತು. ನಾನು ಯೂನಿಫಾರ್ಮಿನಲ್ಲೇ ಹೊರಗೆ ಬಂದು, ಸಾಲಿನಲ್ಲಿದ್ದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಹೋದ ವರ್ಷ ಈ ಅವ್ವಾರ ಚೀಲ ಇಲ್ಲಿ ಎಲ್ಲರ ಮುಂದ ಬಿಚ್ಚಸಿ ಅವರ ಮರ್ಯಾದಿ ತೆಗದೀವಿ. ಹಂಗ ಮಾಡ್ರಿ ಅಂತ ಹೇಳಿದಾಕಿ ನಾ. ನಂದ ತಪ್ಪು." ಸಾಲಿನಲ್ಲಿದ್ದ ಹಿರಿಯರೊಬ್ಬರು ಟೊಪ್ಪಿಗೆ ಸರಿಮಾಡಿಕೊಂಡು ನೆಲ ನೋಡಿದರು. ಒಬ್ಬ ಹೆಂಗಸು, "ನನಗೂ ಹಿಂಗ ಮಾಡ್ಯಾರ" ಎಂದಳು.

ಬಸಲಿಂಗಮ್ಮ ಮಗಳ ಕಡೆ ನೋಡಿದರು. ಮಗಳು ತಲೆಯಾಡಿಸಿದಳು. "ಆತು ಬಿಡವ್ವಾ" ಎಂದರು.

"ಒಳಗ ಬರ್ರಿ" ಎಂದೆ.

"ಒಲ್ಯಾ. ಸಾಮಾನು ನಾವು ಕಿರಾಣಿ ಅಂಗಡ್ಯಾಗ ತಗೋತೀವಿ."

ಸೋಮವಾರ ನನಗೆ ಮೆಮೊ ಬಂತು: ಕರ್ತವ್ಯದ ವೇಳೆ ಸಂಸ್ಥೆಯ ಹೆಸರಿಗೆ ಧಕ್ಕೆ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಎರಡು ಪುಟಗಳನ್ನು ಮತ್ತೆ ವರದಿಗೆ ಸೇರಿಸಿದೆ. ಸಹಿ ಸಿಗಲಿಲ್ಲ, ಪ್ರಾಜೆಕ್ಟ್ ಸ್ವೀಕಾರವಾಗಲಿಲ್ಲ, ಆರು ತಿಂಗಳು ಹೋಯಿತು. ಸುರಪುರದ ಕುರ್ಚಿಗೆ ನನಗಿಂತ ನಾಲ್ಕು ವರ್ಷ ಕಿರಿಯನಾದ, ಸ್ನಾತಕೋತ್ತರ ಪದವಿ ಇದ್ದ ಒಬ್ಬನನ್ನು ಕಳಿಸಿದರು. ಅವನಿಗೆ ಕೆಲಸ ಕಲಿಸಲು ನನ್ನನ್ನೇ ಹದಿನೈದು ದಿನ ಅಲ್ಲಿಗೆ ಹಾಕಿದರು. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಅತ್ತದ್ದು ಇದೆ. ಆ ಎರಡು ಪುಟ ಕೈಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಮನೆಯವರು ಕೇಳಿದರು.

ಮುಂದಿನ ಅವಧಿಯಲ್ಲಿ ಶಹಾಪುರ ಪೇಟೆಯ ಬೇರೆ ನಾಲ್ಕು ಅಂಗಡಿಗಳಲ್ಲಿ ಎಣಿಸಿ, ಅವರ ಪ್ರಮಾಣಪತ್ರ ಪಡೆದು ವರದಿಯನ್ನು ಹೊಸದಾಗಿ ಬರೆದೆ. ಆ ಪೇಟೆಯ ಚೀಲದ ಕೌಂಟರುಗಳಲ್ಲಿ ಮರ್ಯಾದೆ ಕಳೆದುಕೊಂಡಿದ್ದ ಹನ್ನೊಂದು ಹೆಂಗಸರು ಮಾತಾಡಲು ಒಪ್ಪಿದ್ದರು. ಅವತ್ತು ಸಾಲಿನಲ್ಲಿ ಬಾಯಿ ತೆಗೆದವಳೇ ಹೆಚ್ಚಿನವರನ್ನು ಕರೆತಂದಿದ್ದಳು. ಗೈಡ್ ಈ ಸಲ ಕೆಂಪು ಪೆನ್ನು ತೆರೆಯಲಿಲ್ಲ. "ಹನ್ನೊಂದು ಮಂದಿ ಅಂದ್ರ ಡೇಟಾ ಆತು ನೋಡು" ಎಂದರು. ಒಬ್ಬಳದ್ದಾಗಿದ್ದಾಗ ಅದೇನು ಸುಳ್ಳಾಗಿತ್ತೇ ಎಂದು ಕೇಳಬೇಕೆನಿಸಿತು. ಪಾಸಾದೆ, ದ್ವಿತೀಯ ದರ್ಜೆ.

ಈಗ ಸುರಪುರ ಶಾಖೆ ನನ್ನ ಕೈಯಲ್ಲಿದೆ, ಆ ಹುಡುಗ ಬೇರೆ ಕಡೆ ಹೋದ ಮೇಲೆ ಬಂದದ್ದು. ಇಲ್ಲಿ ಚೀಲಕ್ಕೆ ಪಟ್ಟಿ ಬಿಗಿದು ಗಿರಾಕಿಯ ಕೈಯಲ್ಲೇ ಬಿಡುತ್ತೇವೆ. ಹೆಡ್ ಆಫೀಸಿನ ಆಡಿಟ್‌ನವರು ಬಂದಾಗಲೆಲ್ಲ ಇದನ್ನು 'ನಿಯಮ ಉಲ್ಲಂಘನೆ' ಎಂದು ಬರೆಯುತ್ತಾರೆ, ನಾನು ಪ್ರತಿ ಸಲ ವಿವರಣೆ ಬರೆಯುತ್ತೇನೆ. ಆ ವಿವರಣೆಗೆ ಇಂದಿನವರೆಗೆ ಉತ್ತರ ಬಂದಿಲ್ಲ. ಶಹಾಪುರದಲ್ಲಿ ಕೌಂಟರ್ ಹಾಗೇ ಇದೆ.

ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ನಾನು ಮೊದಲ ದಿನ ಒಳಗೆ ಕರೆಯುವುದಿಲ್ಲ, ರಸ್ತೆಯ ಆಚೆ ನಿಲ್ಲಿಸುತ್ತೇನೆ. ಯಾರು ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಾರೆ ನೋಡಿ, ಓಡಿ ಹೋಗಿ ಕೇಳಿ ಎನ್ನುತ್ತೇನೆ. ಅವರು ಹೇಳುವ ಕಾರಣದಲ್ಲಿ ನಿಮ್ಮ ಹೆಸರೇ ಬಂದೀತು, ಆಗ ರೂಲ್ಸ್ ಪುಸ್ತಕ ತೆಗೆಯಬೇಡಿ ಎಂದೂ ಹೇಳುತ್ತೇನೆ. ಹೆಚ್ಚಿನವರು ಇದನ್ನು ಮೇಡಂ ಅವರ ಹುಚ್ಚು ಎಂದುಕೊಳ್ಳುತ್ತಾರೆ. ಎರಡೂವರೆ ವರ್ಷದ ಓದಿನಲ್ಲಿ ಕಲಿತದ್ದೇನು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಇರುವುದು ಇದೊಂದೇ, ಅದೂ ಪಠ್ಯದಲ್ಲಿ ಇರಲಿಲ್ಲ.